ತಲೆಗೆಲ್ಲಿದೆ ಬ್ಯಾಕಪ್?

2023ರ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಟ್ಯಾಕಲ್ ಮಾಡುವಾಗ ಎದುರಾಳಿಯ ತಲೆಗೆ ಹೆಗಲು ಬಡಿಸಿ ರೆಡ್ ಕಾರ್ಡ್ ತಿಂದ. ತಂಡ 12-11ರಲ್ಲಿ ಸೋತಿತು. ‘ಒಂದು ಕಾರ್ಡಿನಿಂದ ಫೈನಲ್ಲೇ ಹಾಳಾಯ್ತು’ ಅಂತ ನನ್ನ ಗೆಳೆಯ ಇವತ್ತಿಗೂ ಗೊಣಗ್ತಾನೆ. ಅಲ್ಲಾ ಸ್ವಾಮಿ, ಹಾಳು ಮಾಡಿದ್ದು ಕಾರ್ಡಾ, ಟ್ಯಾಕಲ್ಲಾ?

2003ರಲ್ಲಿ ಇಂಗ್ಲೆಂಡ್ ಪರ ಆಡಿ ಕಪ್ ಗೆದ್ದ ಸ್ಟೀವ್ ಥಾಂಪ್ಸನ್‌ಗೆ ಆ ಗೆಲುವೇ ನೆನಪಿಲ್ಲ. ನಲವತ್ತೆರಡಕ್ಕೇ ಡಿಮೆನ್ಷಿಯಾ! ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣ ಅಂತಾರೆ ಅವರು.

ಬಗ್ಗಿ ಸೊಂಟ ಹಿಡಿದ್ರೆ ತಲೆಗೆ ತಲೆ ಡಿಕ್ಕಿ ಹೊಡೆಯೋದು ಕಮ್ಮಿ. ಫ್ರಾನ್ಸಿನ ಹವ್ಯಾಸಿ ರಗ್ಬಿಯಲ್ಲಿ 2019ರಿಂದಲೇ ಸೊಂಟದ ಮೇಲೆ ಟ್ಯಾಕಲ್ ಇಲ್ಲ. ಅಲ್ಲೇನು ಆಟ ಸತ್ತುಹೋಯ್ತಾ? ವಿಶ್ವಕಪ್‌ಗೆ ಮಾತ್ರ ಹೆಗಲವರೆಗೂ ರಿಯಾಯಿತಿ ಯಾಕೆ?

ನಾನಂತೂ ರೆಡ್ ಕಾರ್ಡ್ ಪಾರ್ಟಿ. ನೀವು?