ಕಿರುದಾರಿಗಳ ಹಕ್ಕು

ಹಾಸನ ಜಿಲ್ಲೆಯ ಪಶ್ಚಿಮದಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲೂಕುಗಳ ಕಿರಿಯ ರಸ್ತೆಗಳ ವಿಷಯವಾಗಿ ಎರಡು ಮಾತು ಹೇಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಹೆದ್ದಾರಿಗಳ ಪರವಾಗಿ ವಾದಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಂಟ್ರಾಕ್ಟರುಗಳಿಂದ ಮಂತ್ರಿಗಳವರೆಗೆ ಎಲ್ಲರೂ ಆ ಪಕ್ಷದವರೇ. ಕಿರುದಾರಿಗೆ ಮಾತ್ರ ವಕೀಲರಿಲ್ಲ. ಬೈಸಿಕಲ್ಲನ್ನೇರಿ ನಾಡನ್ನು ನೋಡಬೇಕೆಂಬ ಅಭಿಲಾಷೆ ನಮ್ಮ ಪಟ್ಟಣಿಗರಲ್ಲಿ ಈಚೆಗೆ ಮೂಡಿರುವುದು ಸಂತೋಷದ ಸಂಗತಿ. ಆ ಅಭಿಲಾಷೆಗೆ ಈ ಸೀಮೆಗಿಂತ ಯೋಗ್ಯವಾದ ಕ್ಷೇತ್ರವು ಕನ್ನಡನಾಡಿನಲ್ಲಿ ವಿರಳ. ಆದರೆ ಈ ಯೋಗ್ಯತೆಯು ತಾನಾಗಿ ಉಳಿಯತಕ್ಕದ್ದಲ್ಲ. ಉಳಿಸಿಕೊಂಡರೆ ಮಾತ್ರ ಉಳಿಯತಕ್ಕದ್ದು.

ಮೂಡಿಗೆರೆ ತಾಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿಯು ಸಕಲೇಶಪುರದ ಮಗ್ಗುಲಲ್ಲಿ ಹರಿದು, ಆಲೂರಿನ ಸೀಮೆಯನ್ನು ತೋಯಿಸಿ, ಗೊರೂರಿನ ಜಲಾಶಯವನ್ನು ತುಂಬಿ, ಕೊನೆಗೆ ಕಾವೇರಿಯನ್ನು ಸೇರುವಳು. ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿರುವ ಈ ಪ್ರದೇಶದಲ್ಲಿ ತಗ್ಗಿನಲ್ಲಿ ಭತ್ತದ ಗದ್ದೆ, ಇಳಿಜಾರಿನಲ್ಲಿ ನೆರಳುಮರಗಳ ಕೆಳಗೆ ಕಾಫಿ, ನೆತ್ತಿಯಲ್ಲಿ ಹುಲ್ಲುಗಾವಲು. ದಾರಿಗಳು ಹಳ್ಳಕೊಳ್ಳಗಳ ಜಾಡನ್ನೇ ಹಿಡಿದು ಬಳಸಿ ಬಳಸಿ ಸಾಗುವುವು. ಮೋಟಾರಿನಲ್ಲಿ ಹೋಗುವವನಿಗೆ ಈ ಬಳಸು ಬೇಸರ. ಬೈಸಿಕಲ್ಲಿನವನಿಗೆ ಅದೇ ಲಾಭ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಮೊದಲ ಮಳೆ ಬಿದ್ದು ಕಾಫಿ ಹೂವಾದಾಗ, ಗಾಜು ಮುಚ್ಚಿದ ಕಾರಿನೊಳಗಿರುವವನಿಗೆ ಅದರ ಬಿಳುಪು ಕಾಣಬಹುದು, ಪರಿಮಳ ಮುಟ್ಟಲಾರದು.

ದಾರಿಗಳನ್ನು ಹೆಸರಿಸಿಯೇ ಹೇಳೋಣ. ಸಕಲೇಶಪುರದಿಂದ ಹೆತ್ತೂರು, ವಣಗೂರುಗಳ ಮೇಲೆ ಬಿಸ್ಲೆಗೆ ಹೋಗುವ ಮಾರ್ಗವು ಸುಮಾರು 50 ಕಿಲೋಮೀಟರು. ಅದರ ಕೊನೆಯಲ್ಲಿ ನಿಂತರೆ ಎದುರಿಗೆ ಕುಮಾರಪರ್ವತದ ಶ್ರೇಣಿ. ಮುಂದೆ ಘಟ್ಟವಿಳಿದರೆ ಕುಕ್ಕೆ ಸುಬ್ರಹ್ಮಣ್ಯ. ಉತ್ತರಕ್ಕೆ ಹಾನುಬಾಳಿನ ಕಡೆಯ ದಾರಿಗಳು ಮೂಡಿಗೆರೆಯ ಸೀಮೆಯನ್ನು ಮುಟ್ಟುವುವು. ಆಲೂರಿನಿಂದ ಮಗ್ಗೆ, ಕೆಂಚಮ್ಮನ ಹೊಸಕೋಟೆಗಳ ಕಡೆಗೆ ಹೊರಟರೆ ಏರಿಳಿತ ಸೌಮ್ಯವಾಗಿ, ಹೊಸಬರ ಕಾಲಿಗೂ ನಿಲುಕುವಂತಿದೆ. ಪೂರ್ವಕ್ಕೆ ಹೇಮಾವತಿಯ ಹಿನ್ನೀರಿನ ದಡದಲ್ಲಿ, ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿಯು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಎದ್ದು ನಿಲ್ಲುವುದು. ಅಣೆಕಟ್ಟಿಗಾಗಿ ಊರು ಬಿಟ್ಟವರ ತ್ಯಾಗಕ್ಕೆ ಅಲ್ಲಿ ಬೇರೆ ಸ್ಮಾರಕ ಬೇಕಾಗಿಲ್ಲ. ಅದರಾಚೆಗೆ ಗೊರೂರು, ಹಳ್ಳಿಯ ಬದುಕನ್ನು ಕನ್ನಡಿಗರ ಮನೆಮನೆಗೂ ಮುಟ್ಟಿಸಿದ, ಸ್ವಾತಂತ್ರ್ಯ ಸಮರದಲ್ಲಿಯೂ ದುಡಿದ ರಾಮಸ್ವಾಮಿ ಅಯ್ಯಂಗಾರ್ಯರು 1904ರಲ್ಲಿ ಹುಟ್ಟಿದ ಊರು.

ಒಂದು ವಿಪರ್ಯಾಸವನ್ನು ಇಲ್ಲಿಯೇ ಹೇಳಬೇಕು. ಈ ಸೀಮೆಯ ಐತಿಹಾಸಿಕ ಸ್ಥಳಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಟೀಪು ಸುಲ್ತಾನನು 1792ರಲ್ಲಿ ಕಟ್ಟಿಸಿ ಮುಗಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆ. ಸಕಲೇಶಪುರದಿಂದ ಅದಕ್ಕೆ ಆರು ಕಿಲೋಮೀಟರು ಮಾತ್ರ. ಆದರೆ ಆ ಆರು ಕಿಲೋಮೀಟರು ಬೆಂಗಳೂರು ಮಂಗಳೂರು ಹೆದ್ದಾರಿ. ಐವತ್ತು ಕಿಲೋಮೀಟರು ನೆಮ್ಮದಿಯಿಂದ ತುಳಿದುಬಂದವನು ಈ ಆರರಲ್ಲಿ ಟ್ಯಾಂಕರು ಲಾರಿಗಳ ನಡುವೆ ಜೀವವನ್ನು ಕೈಯಲ್ಲಿ ಹಿಡಿದು ಹೋಗಬೇಕು. ಒಮ್ಮೆ ವೇಗಕ್ಕೆ ಒಪ್ಪಿಸಿಬಿಟ್ಟ ರಸ್ತೆಯು ನಡೆಯುವವನಿಗೂ ತುಳಿಯುವವನಿಗೂ ಹೇಗೆ ಪರಕೀಯವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಆ ವೇಗವು ಕಿರುದಾರಿಗಳಿಗೂ ವ್ಯಾಪಿಸುತ್ತಿರುವುದೇ ನಮ್ಮ ಚಿಂತೆಗೆ ಕಾರಣ. 2018ರ ಆಗಸ್ಟಿನ ಮಳೆಯಲ್ಲಿ ಶಿರಾಡಿ ಘಟ್ಟ ಕುಸಿಯಿತು. 2022ರ ಜುಲೈಯಲ್ಲಿ ದೋಣಿಗಾಲಿನ ಬಳಿ ಹೆದ್ದಾರಿಯೇ ಜಾರಿತು. ಹೆದ್ದಾರಿ ಮುಚ್ಚಿದಾಗಲೆಲ್ಲ ವಾಹನಗಳು ಅಕ್ಕಪಕ್ಕದ ದಾರಿಗಳನ್ನು ಹುಡುಕುವುವು. 2014ರಲ್ಲಿ ಆರಂಭವಾಗಿ 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತವನ್ನು ಕಂಡ ಎತ್ತಿನಹೊಳೆ ಯೋಜನೆಯ ಕೊಳವೆಗಳನ್ನು ಹೊತ್ತ ಭಾರಿ ವಾಹನಗಳು ಎತ್ತಿನ ಗಾಡಿಗೆಂದು ಹುಟ್ಟಿದ ದಾರಿಗಳಲ್ಲಿ ಓಡಾಡಿದುವು. ಇವುಗಳ ಮೇಲೆ ಶನಿವಾರ ಭಾನುವಾರಗಳ ವಿಹಾರಿಗಳ ದಂಡು. ಇವೆಲ್ಲವನ್ನೂ ಕಂಡು ನಮ್ಮವರಿಗೆ ಹೊಳೆಯುವ ಉಪಾಯ ಒಂದೇ: ರಸ್ತೆಯನ್ನು ಅಗಲಿಸಿರಿ. ಮರ ಕಡಿದು, ಗುಡ್ಡದ ಪಾದವನ್ನು ಕೊರೆದು ರಸ್ತೆ ಅಗಲಿಸಿದ ಮೇಲೆ ಮಳೆಗಾಲದಲ್ಲಿ ಗುಡ್ಡವು ಏನು ಮಾಡುವುದೆಂಬುದನ್ನು ಘಟ್ಟದ ಹೆದ್ದಾರಿಯು ಆಗಲೇ ತೋರಿಸಿಕೊಟ್ಟಿದೆ.

ಕಿರುದಾರಿಯ ಪ್ರಶ್ನೆಯು ಕೇವಲ ವಿಹಾರಿಗಳ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಅದರ ಮೊದಲ ಹಕ್ಕುದಾರರು ತೋಟದ ಕೆಲಸಕ್ಕೆ ಬೆಳಗಾಗುವ ಮೊದಲೇ ನಡೆಯುವ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯನ್ನು ತಂದಾಗ, ಹೈಸ್ಕೂಲು ದೂರವೆಂದು ಓದು ಬಿಡುತ್ತಿದ್ದ ಹಳ್ಳಿಯ ಹುಡುಗಿಗೆ ಅದು ವರವಾಯಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಆ ಹಂಚಿಕೆ ನಿಂತಿತು. ಬೈಸಿಕಲ್ಲನ್ನು ಕೊಟ್ಟು ದಾರಿಯನ್ನು ಕಸಿದುಕೊಳ್ಳುವುದು ಹೇಗೆ ವ್ಯರ್ಥವೋ, ದಾರಿಯನ್ನು ಉಳಿಸಿ ಬೈಸಿಕಲ್ಲನ್ನು ಮರೆಯುವುದೂ ಹಾಗೆಯೇ. ಹನ್ನೆರಡು ವರ್ಷದ ಬಾಲಿಕೆಯು ಒಬ್ಬಳೇ ಅಂಜದೆ ತುಳಿಯಬಲ್ಲ ರಸ್ತೆಯೇ ಸುರಕ್ಷಿತವಾದ ರಸ್ತೆ. ಅಂಥ ರಸ್ತೆಯಲ್ಲಿ ಬೆಂಗಳೂರಿನ ವಿಹಾರಿಯೂ ಸುಖವಾಗಿ ಸಾಗುವನು.

ಈ ಸೀಮೆಯಲ್ಲಿ ಇನ್ನೊಬ್ಬ ದಾರಿಗನುಂಟು. ಅವನನ್ನು ಮರೆತು ಮಾತಾಡುವುದು ಹೊಣೆಗೇಡಿತನ. ಆಲೂರು ಸಕಲೇಶಪುರಗಳ ಕಾಫಿತೋಟಗಳಲ್ಲಿ ಕಾಡಾನೆಗಳು ಸಂಚರಿಸುವುವು. 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಉಪದ್ರವ ಮುಗಿಯಲಿಲ್ಲ. 2023ರ ಡಿಸೆಂಬರು 4ರಂದು ಯಸಳೂರು ವಲಯದಲ್ಲಿ, ಮೈಸೂರು ದಸರೆಯ ಅಂಬಾರಿಯನ್ನು ಹೊತ್ತ ಅರ್ಜುನನೇ ಕಾಡಾನೆಯೊಡನೆ ಸೆಣಸಿ ಮಡಿದನು. ಆದಕಾರಣ ಬೈಸಿಕಲ್ಲಿನವರು ನಸುಕಿನಲ್ಲಿಯೂ ಸಂಜೆ ಕವಿದ ಮೇಲೂ ತೋಟಗಳ ನಡುವಣ ದಾರಿಗಿಳಿಯಕೂಡದು. ಸದ್ದಿಲ್ಲದ ವಾಹನವು ಇಲ್ಲಿ ಗುಣವೂ ಹೌದು, ಅಪಾಯವೂ ಹೌದು. ಆನೆಗಳಿರುವ ಸ್ಥಳವನ್ನು ತಿಳಿಸುವ ಅರಣ್ಯ ಇಲಾಖೆಯವರ ಸೂಚನೆಗಳನ್ನೂ ಊರವರ ಮಾತನ್ನೂ ಕೇಳಿಯೇ ಹೊರಡತಕ್ಕದ್ದು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 112ನೆಯ ವಿಧಿಯು ವೇಗಕ್ಕೆ ಮಿತಿ ಗೊತ್ತುಮಾಡುವ ಅಧಿಕಾರವನ್ನೂ, 115ನೆಯ ವಿಧಿಯು ನಿರ್ದಿಷ್ಟ ರಸ್ತೆಗಳಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನೂ ರಾಜ್ಯ ಸರಕಾರಕ್ಕೆ ಕೊಟ್ಟಿರುವುವು. ಹೊಸ ಕಾನೂನು ಬೇಕಾಗಿಲ್ಲ. ಇರುವ ಅಧಿಕಾರವನ್ನು ಉಪಯೋಗಿಸುವ ಮನಸ್ಸು ಬೇಕು. ಬಿಸ್ಲೆ, ಹೆತ್ತೂರು, ಹಾನುಬಾಳು, ಮಗ್ಗೆಗಳ ದಾರಿಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿಯನ್ನು ಗೊತ್ತುಮಾಡಲಿ. ಆ ಭಾಗದ ಕೆಲಸಕ್ಕಲ್ಲದ ಭಾರಿ ವಾಹನಗಳನ್ನು ತಡೆಯಲಿ. ಅಗಲಿಸಲು ಸುರಿಯುವ ಹಣವನ್ನು ಚರಂಡಿ, ಮೋರಿ, ತಡೆಗೋಡೆಗಳಿಗೆ ವಿನಿಯೋಗಿಸಲಿ. ಇಂಗ್ಲೆಂಡಿನಲ್ಲಿ 2000ದ ಸಾರಿಗೆ ಕಾಯಿದೆಯು ಹಳ್ಳಿಗಾಡಿನ ರಸ್ತೆಗಳನ್ನು ‘ಶಾಂತಮಾರ್ಗ’ಗಳೆಂದು ಗುರುತಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಪರರ ಅನೇಕ ಅನಾವಶ್ಯಕ ಪದ್ಧತಿಗಳನ್ನು ಅನುಕರಿಸಿದ ನಾವು ಅವಶ್ಯಕವಾದ ಇದೊಂದನ್ನು ಕಲಿತರೆ ಮಾನಕ್ಕೆ ಕುಂದಿಲ್ಲ.

ಕಾಫಿಯ ಚೀಲಗಳು ಹೇಗೆ ಸಾಗಬೇಕು, ರೋಗಿಯನ್ನು ಆಸ್ಪತ್ರೆಗೆ ಹೇಗೆ ಒಯ್ಯಬೇಕು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತೋಟದ ಲಾರಿಯನ್ನು ಯಾರೂ ತಡೆಯುವುದಿಲ್ಲ. ತುರ್ತಿನ ವಾಹನಕ್ಕೆ ಮಿತಿಯಿಲ್ಲ. ಗುಂಡಿಯಿಲ್ಲದ ಕಿರಿದಾದ ರಸ್ತೆಯು ಕುಸಿದುಬಿದ್ದ ಅಗಲವಾದ ರಸ್ತೆಗಿಂತ ರೋಗಿಗೆ ಹೆಚ್ಚು ಉಪಕಾರಿ. ಪ್ರವಾಸದ ಆದಾಯ ಕುಗ್ಗುವುದೆಂಬ ಮಾತಿನಲ್ಲಿಯೂ ಹುರುಳಿಲ್ಲ. ಕಾರಿನವನು ಬೆಂಗಳೂರಿನಿಂದ ಬುತ್ತಿ ತಂದು, ಖಾಲಿ ಸೀಸೆಗಳನ್ನು ಇಲ್ಲಿ ಎಸೆದು, ಸಂಜೆಗೆ ಹಿಂದಿರುಗಬಲ್ಲನು. ಬೈಸಿಕಲ್ಲಿನವನಾದರೋ ಹತ್ತು ಮೈಲಿಗೊಮ್ಮೆ ಹಸಿದು ಊರಿನ ಹೋಟೆಲಿನಲ್ಲಿ ಕೂರಲೇಬೇಕು, ರಾತ್ರಿ ಅಲ್ಲಿಯೇ ತಂಗಲೇಬೇಕು. ರೈಲು ಸಕಲೇಶಪುರದವರೆಗೆ ಬರುತ್ತಲೇ ಇದೆ. ಬೈಸಿಕಲ್ಲನ್ನು ಲಗೇಜಿನ ಡಬ್ಬಿಯಲ್ಲಿ ತರಲು ರೈಲ್ವೆಯವರು ಇನ್ನಷ್ಟು ಸೌಕರ್ಯ ಮಾಡಿಕೊಟ್ಟರೆ ಸಾಕು.

ಅಧಿಕಾರಿ ಮಹಾಶಯರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಮುಂದಿನ ಅಂದಾಜುಪಟ್ಟಿಗೆ ರುಜು ಹಾಕುವ ಮೊದಲು ಅಕ್ಟೋಬರು ಕಳೆದ ಮೇಲೆ ಒಂದು ದಿನ ಹೆತ್ತೂರಿನ ದಾರಿಯನ್ನು ಜೀಪಿನಿಂದಿಳಿದು, ಬೈಸಿಕಲ್ಲಿನ ಮೇಲೆಯೇ ಪರೀಕ್ಷಿಸಲಿ. ಏರಿನಲ್ಲಿ ಬೆವರಿಳಿದಾಗ ಯಾವ ಮರದ ನೆರಳು ಬೇಕೆಂಬುದು ಅವರಿಗೇ ತಿಳಿಯುವುದು. ಆ ಮರದ ಮೇಲೆ ಕಡಿಯುವ ಗುರುತು ಹಾಕಲು ಆಮೇಲೆ ಅವರ ಕೈ ಏಳಲಾರದು.