ರೋಪ್‌ವೇ ಬರಲಿ, ನಮ್ಮ ಬೈಕು ಕೆಳಗೇ ನಿಲ್ಲಲಿ

ಪರೀಕ್ಷೆ ಮುಗಿದ ಮರುದಿನ ಬೆಳಗಿನ ಜಾವ ಮೂರಕ್ಕೆ ಕೆಂಗೇರಿಯಿಂದ ನಂದಿಬೆಟ್ಟಕ್ಕೆ ಬೈಕು ಹತ್ತದವರು ನಮ್ಮಲ್ಲಿ ಯಾರಿದ್ದಾರೆ? ಸೂರ್ಯೋದಯ ಅಂತ ಹೊರಡ್ತೀವಿ, ನೋಡೋದು ಮುಂದಿನ ಕಾರಿನ ಬ್ರೇಕ್ ಲೈಟು.

ಗುಲ್ಮಾರ್ಗ್‌ನ ಗೊಂಡೋಲಾ ಚಳಿಗಾಲದಲ್ಲಿ ಸ್ಕೀ ಆಡುವವರನ್ನೂ ಬೇಸಿಗೆಯಲ್ಲಿ ಬೆಟ್ಟ ನೋಡುವವರನ್ನೂ ಹೊತ್ತೊಯ್ಯುತ್ತೆ. ನಂದಿಗೂ ಅಂಥದ್ದೇ ಸುಮಾರು 3 ಕಿ.ಮೀ. ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆ ಆಯ್ತು. ನಾವು ವಿರೋಧಿಗಳಲ್ಲ. ಆದರೆ ನಂದಿಗೆ ವರ್ಷದ ಯಾವ ತಿಂಗಳಲ್ಲೂ ಜನರ ಕೊರತೆ ಇಲ್ಲ, ಕೊರತೆ ಇರೋದು ತುದಿಯಲ್ಲಿ ಜಾಗಕ್ಕೆ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಜರಿದು ರಸ್ತೆಯೇ ಕೊಚ್ಚಿಹೋಗಿತ್ತು. ಕೇಬಲ್ಲೂ ಬಂದು ಕಾರುಗಳೂ ಹತ್ತುತ್ತಿದ್ದರೆ ಏನು ಬಂತು? ರೋಪ್‌ವೇ ಶುರುವಾದ ದಿನದಿಂದಲೇ ಖಾಸಗಿ ವಾಹನಗಳು ಬುಡದಲ್ಲೇ ನಿಲ್ಲಬೇಕು, ನಮ್ಮ ಬೈಕುಗಳೂ ಸೇರಿ.

ಇದು ಚಿಕ್ಕಬಳ್ಳಾಪುರದವರ ತಲೆನೋವು ಅನ್ನಬೇಡಿ. ಅರ್ಕಾವತಿ ಹುಟ್ಟೋದು ಆ ಬೆಟ್ಟದಲ್ಲಿ. ಅದಕ್ಕೆ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಟ್ಟಿದ ಜಲಾಶಯದ ನೀರನ್ನು ನಮ್ಮ ಅಜ್ಜ-ಅಜ್ಜಿಯರ ಕಾಲದ ಬೆಂಗಳೂರು ಕುಡಿದಿದೆ. ಕೆಂಗೇರಿಯಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುವ ವೃಷಭಾವತಿಯೂ ಕೊನೆಗೆ ಸೇರೋದು ಅರ್ಕಾವತಿಯನ್ನೇ. ಕೆಳಗೆ ಹಾಳು ಮಾಡಿದ್ದಾಯ್ತು, ಹುಟ್ಟೋ ಜಾಗವನ್ನಾದರೂ ಬಿಡೋಣ.

ಅಲ್ಲಿವರೆಗೆ ಮೆಜೆಸ್ಟಿಕ್‌ನಿಂದ ಬಸ್ಸಿದೆ. ಸೂರ್ಯೋದಯ ತಪ್ಪುತ್ತೆ, ನಿಜ.