ಓದಿಗೆ ಮೊದಲು ಮಾತು

ಮೂರನೆಯ ತರಗತಿಯ ಹುಡುಗಿ ಪಾಠವನ್ನು ಎಲ್ಲೂ ತಡವರಿಸದೆ ಗಟ್ಟಿಯಾಗಿ ಓದಿ ಮುಗಿಸುತ್ತಾಳೆ. ಕೇಳುತ್ತಿದ್ದ ತಾಯಿಗೆ ಸಮಾಧಾನ. ‘ಈಗ ಪುಸ್ತಕ ಮುಚ್ಚಿಟ್ಟು, ಅದರಲ್ಲಿ ಏನಿತ್ತು ಹೇಳು ಪುಟ್ಟಿ’ ಎಂದರೆ ಹುಡುಗಿ ಸುಮ್ಮನಾಗುತ್ತಾಳೆ. ಹೀಗಾಗುವುದು ಒಂದೆರಡು ಮನೆಗಳಲ್ಲಿ ಮಾತ್ರವಲ್ಲ. ಆದರೆ ಪುಸ್ತಕ ಮುಚ್ಚಿಸಿ ಕೇಳುವ ಪೋಷಕರು ಕಡಿಮೆ.

ಕನ್ನಡ ಲಿಪಿಯ ಗುಣವೂ ಇದಕ್ಕೊಂದು ಕಾರಣ. ಬರೆಯುವುದೊಂದು, ಉಚ್ಚರಿಸುವುದೊಂದು ಎಂಬ ಇಂಗ್ಲಿಷಿನ ತೊಡಕು ಇಲ್ಲಿ ಕಡಿಮೆ. ಕಾಗುಣಿತ, ಒತ್ತಕ್ಷರ ಗಟ್ಟಿಯಾದರೆ ಅರ್ಥ ತಿಳಿಯದ ಪದವನ್ನೂ ಮಗು ಸರಿಯಾಗಿಯೇ ಓದುತ್ತದೆ. ‘ಕಣಜ’ ಎಂಬ ಮೂರು ಅಕ್ಷರ ಯಾರಿಗೂ ಕಷ್ಟವಲ್ಲ. ಧಾನ್ಯ ತುಂಬಿಡುವ ಕಣಜವನ್ನು ಕಾಣದ, ಅದರ ಮಾತನ್ನೂ ಕೇಳದ ಮಗುವಿಗೆ ಮಾತ್ರ ಅದು ಬರೀ ಸದ್ದು. ಓದು ಬಂತೆಂದು ಮನೆಯವರು ನಂಬುತ್ತಾರೆ. ನಾಲ್ಕನೆಯ, ಐದನೆಯ ತರಗತಿಗೆ ಬಂದಾಗ ಗಣಿತದ ಲೆಕ್ಕವನ್ನೂ ಓದಿಯೇ ಅರ್ಥ ಮಾಡಿಕೊಳ್ಳಬೇಕು. ಆಗ ‘ಲೆಕ್ಕದಲ್ಲಿ ಹಿಂದೆ’ ಎನಿಸಿಕೊಳ್ಳುವ ಮಕ್ಕಳಲ್ಲಿ ಕೆಲವರು ನಿಜವಾಗಿ ಹಿಂದಿರುವುದು ಓದಿನಲ್ಲಿ.

ಅಕ್ಷರವನ್ನೇ ದಾಟಲಾಗದ ಮಕ್ಕಳೂ ಕಡಿಮೆಯಿಲ್ಲ. 2005ರಿಂದ ಗ್ರಾಮೀಣ ಭಾರತದಲ್ಲಿ ಮನೆಮನೆಗೆ ಹೋಗಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಮಕ್ಕಳ ಕೈಗೆ ಎರಡನೆಯ ತರಗತಿ ಮಟ್ಟದ ಪುಟ್ಟ ಪಾಠವೊಂದನ್ನು ಕೊಡುತ್ತಾರೆ. 2024ರ ಸಮೀಕ್ಷೆಯಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದನ್ನು ಓದಲಾಗಲಿಲ್ಲ.

ಮಾತೇ ಬುನಾದಿ

ಕಿವಿಗೆ ಬೀಳದ ಪದ ಬಾಯಿಗೆ ಬರುವುದಿಲ್ಲ. ಬಾಯಿಗೆ ಬಾರದ ಪದ ಪುಸ್ತಕದಲ್ಲಿ ಕಂಡರೂ ತಿಳಿಯುವುದಿಲ್ಲ. ಓದಿನ ತಯಾರಿ ಶುರುವಾಗುವುದು ಸ್ಲೇಟಿನಿಂದಲ್ಲ, ಮನೆಯ ಮಾತಿನಿಂದ. ಆದರೆ ಶಾಲೆಯಿಂದ ಬಂದ ಮಗುವನ್ನು ಕೇಳುವುದೇನು? ‘ಊಟದ ಡಬ್ಬಿ ಖಾಲಿ ಮಾಡಿದೆಯಾ? ಹೋಂವರ್ಕ್ ಕೊಟ್ಟಿದ್ದಾರಾ?’ ಇವಕ್ಕೆ ‘ಹೂಂ’, ‘ಇಲ್ಲ’ ಎಂದರೆ ಮುಗಿಯಿತು. ‘ಇವತ್ತು ಆಟದಲ್ಲಿ ಯಾರು ಗೆದ್ದರು? ಹೇಗೆ ಗೆದ್ದರು?’ ಎಂದು ಕೇಳಿ ನೋಡಿ. ಮಗು ಮೊದಲು ನಡೆದದ್ದು, ಆಮೇಲೆ ನಡೆದದ್ದು, ಅದಕ್ಕೆ ಕಾರಣ ಎಲ್ಲವನ್ನೂ ಜೋಡಿಸಿ ಹೇಳಬೇಕಾಗುತ್ತದೆ. ಮುಂದೆ ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಬೇಕಾಗುವುದೂ ಇದೇ ಜೋಡಣೆ.

ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಕೆಲವರು ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತನಾಡಲು ಹೋಗುತ್ತಾರೆ. ಆ ಭಾಷೆ ತಮಗೆ ಸಲೀಸಾಗಿದ್ದರೆ ಅಡ್ಡಿಯಿಲ್ಲ. ಇಲ್ಲದಿದ್ದರೆ ಮಾತುಕತೆ ‘ಕಮ್’, ‘ಗೋ’, ‘ಈಟ್’ಗಳಿಗೆ ಇಳಿಯುತ್ತದೆ. ಕನ್ನಡವೋ ತುಳುವೋ ಉರ್ದುವೋ ಲಂಬಾಣಿಯೋ, ಮನಸ್ಸು ಬಿಚ್ಚಿ ಆಡುವ ಭಾಷೆಯಲ್ಲೇ ಮಗುವಿನೊಡನೆ ಮಾತನಾಡುವುದು ಒಳ್ಳೆಯದು. ಒಂದು ಭಾಷೆಯಲ್ಲಿ ವಿವರಿಸಿ ಹೇಳಲು ಕಲಿತ ಮಗುವಿಗೆ ಇನ್ನೊಂದರಲ್ಲಿ ಅದು ಸುಲಭ.

ಮನೆಯ ಕನ್ನಡ, ಪುಸ್ತಕದ ಕನ್ನಡ

ಕನ್ನಡ ಮನೆಮಾತಾಗಿರುವ ಮಗುವಿಗೂ ಪುಸ್ತಕದ ಕನ್ನಡ ಸ್ವಲ್ಪ ಹೊಸದೇ. ಧಾರವಾಡದ ಮನೆಯಲ್ಲಿ ‘ಹೊಂಟಾನ’, ಮೈಸೂರಿನ ಮನೆಯಲ್ಲಿ ‘ಹೋಗ್ತಿದಾನೆ’, ಪಾಠದಲ್ಲಿ ‘ಹೋಗುತ್ತಿದ್ದಾನೆ’. ಈ ಅಂತರ ದಾಟಿಸುವ ಸುಲಭ ಉಪಾಯವೆಂದರೆ ದೊಡ್ಡವರು ಕಥೆ ಓದಿ ಹೇಳುವುದು. ದಿನಕ್ಕೆ ಹದಿನೈದು ನಿಮಿಷ ಸಾಕು. ಮಗು ಪಕ್ಕದಲ್ಲಿ ಕುಳಿತಿರಲಿ, ಓದುವ ಸಾಲಿನ ಮೇಲೆ ಬೆರಳು ಸರಿಯುತ್ತಿರಲಿ. ನಡುವೆ ನಿಲ್ಲಿಸಿ ‘ಮುಂದೇನಾಗಬಹುದು?’ ಎಂದು ಕೇಳಬೇಕು. ಸ್ವಂತವಾಗಿ ಓದಲು ಬಂದ ಮೇಲೂ ಇದನ್ನು ಬಿಡಬೇಕಾಗಿಲ್ಲ.

ಮನೆಯಲ್ಲಿ ಓದು ಬಲ್ಲವರೇ ಇಲ್ಲದಿದ್ದರೆ? ಅಜ್ಜಿ ಹೇಳುವ ಕಥೆ, ಬಿಡಿಸಲು ಕೊಡುವ ಒಗಟು, ಸಂತೆಯಿಂದ ಬಂದ ಅಪ್ಪ ಹೇಳುವ ಸಂತೆಯ ಸುದ್ದಿ, ಇವೆಲ್ಲ ಓದಿಗೆ ಬಂಡವಾಳವೇ. ಅಕ್ಷರ ಬಾರದ ತಾಯಿ ‘ನೀನು ಓದು, ನಾನು ಕೇಳ್ತೀನಿ, ಆಮೇಲೆ ನನಗೆ ಅರ್ಥ ಹೇಳು’ ಎಂದರೆ ಮಗು ಮೇಷ್ಟ್ರ ಸ್ಥಾನಕ್ಕೆ ಬರುತ್ತದೆ. ತಿಳಿಯದ್ದನ್ನು ಇನ್ನೊಬ್ಬರಿಗೆ ತಿಳಿಸಲಾಗದು ಎಂಬುದು ಅದಕ್ಕೇ ಗೊತ್ತಾಗುತ್ತದೆ.

ತಿದ್ದುವಾಗ ತಾಳ್ಮೆ

‘ಸೂರ್ಯ’ವನ್ನು ಮಗು ‘ಸೂಯ್ರ’ ಎಂದು ಓದಿದರೆ ಗದರಬಾರದು. ‘ಸೂರ್ಯ’ವನ್ನು ಅರ್ಕಾವೊತ್ತು ಬಳಸಿ ‘ಸೂರ‍್ಯ’ ಬದಲಿಗೆ ಬರೆಯುವಾಗ ಮೊದಲು ಕೇಳುವ ರಕಾರದ ಗುರುತು ಕೊನೆಗೆ ಬರುತ್ತದೆ. ಕಣ್ಣಿಗೆ ಕಂಡ ಕ್ರಮದಲ್ಲೇ ಮಗು ಓದಿದೆ, ಅಷ್ಟೆ. ಕರ್ಪೂರ, ಧರ್ಮ, ಮಾರ್ಗ ಎಂದು ನಾಲ್ಕಾರು ಪದ ಬರೆದು ತೋರಿಸಿದರೆ ಸರಿಹೋಗುತ್ತದೆ. ವಾಕ್ಯ ಮುಗಿಯುವವರೆಗೆ ಕಾದು ಆಮೇಲೆ ತಿದ್ದಬೇಕು. ನೆಂಟರ ಮುಂದೆ ನಿಲ್ಲಿಸಿ ಓದಿಸುವುದಂತೂ ಬೇಡ.

ಎಷ್ಟು ಹೇಳಿಕೊಟ್ಟರೂ ಅಕ್ಷರ ಅದಲುಬದಲಾಗುತ್ತಿದ್ದರೆ ‘ಸೋಮಾರಿ’ ಎನ್ನುವ ಮುನ್ನ ಕಣ್ಣು, ಕಿವಿಯ ಪರೀಕ್ಷೆ ಮಾಡಿಸಬೇಕು. ಬುದ್ಧಿ ಚುರುಕಾಗಿದ್ದೂ ಓದು, ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಶ್ರವಣದ ತಪಾಸಣೆಗೆ ವ್ಯವಸ್ಥೆಯಿದೆ.

ಪುಸ್ತಕಕ್ಕೆ ಹೆಚ್ಚು ಹಣ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ ರಾಜ್ಯದಲ್ಲಿ 2020ರಲ್ಲಿ ಆರಂಭವಾಯಿತು. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲೂ ಇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಕಥೆಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಓದಬಹುದು. ಯಾವ ಪುಸ್ತಕ ಬೇಕೆಂಬುದನ್ನು ಮಗುವೇ ಆರಿಸಲಿ. ಓದಿ ಮುಗಿಸಿದ ಮೇಲೆ ಎಷ್ಟು ಪುಟ ಆಯಿತೆಂದು ಎಣಿಸುವುದಕ್ಕಿಂತ, ಕಥೆ ಹೇಗಿತ್ತೆಂದು ಕೇಳಿ ಉತ್ತರ ಮುಗಿಯುವವರೆಗೆ ಕಿವಿಗೊಡುವುದು ಮುಖ್ಯ.